ರಾಷ್ಟ್ರದ ಜನನ ಮತ್ತು ಮನುಷ್ಯನ ಹಕ್ಕು: ಒಂದು ಚಾರಿತ್ರಿಕ ಚಿಂತನೆ



ಪ್ರತಿವರ್ಷ ಆಗಸ್ಟ್ 15ರಂದು ಒಮ್ಮೆ, ಜನವರಿ 26ರಂದು ಮತ್ತೊಮ್ಮೆ ನಾವೆಲ್ಲರೂ ಧ್ವಜವಂದನೆ ಮಾಡುತ್ತೇವೆ. ಮೊದಲನೆಯದು ಸ್ವಾತಂತ್ರ್ಯದ ದಿನ, ಎರಡನೆಯದು ಗಣರಾಜ್ಯದ ದಿನ ಎಂಬುದನ್ನು ಶಾಲೆಯ ಮಕ್ಕಳೂ ಬಲ್ಲರು. ಆದರೆ ಈ ಎರಡರಲ್ಲಿ ನಮ್ಮ ರಾಷ್ಟ್ರ ಹುಟ್ಟಿದ ದಿನ ಯಾವುದು ಎಂದು ಕೇಳಿದರೆ ತಿಳಿದವರೂ ಕ್ಷಣಕಾಲ ತಡೆದು ಯೋಚಿಸಬೇಕಾಗುತ್ತದೆ. ಈ ಪ್ರಶ್ನೆಯ ಬೆನ್ನಿಗೇ ಇನ್ನೊಂದು ಪ್ರಶ್ನೆ ಏಳುತ್ತದೆ. ಬದುಕುವ, ನುಡಿಯುವ, ನಂಬುವ, ಪೂಜಿಸುವ ನಮ್ಮ ಹಕ್ಕು ಎಲ್ಲಿಂದ ಬಂದಿತು? ರಾಷ್ಟ್ರವು ಅದನ್ನು ನಮಗೆ ಕೊಟ್ಟಿತೋ, ಅಥವಾ ರಾಷ್ಟ್ರಕ್ಕೂ ಮೊದಲೇ ಅದು ನಮ್ಮಲ್ಲಿ ಇದ್ದಿತೋ?

ಇದು ಪಂಡಿತರ ಒಣಚರ್ಚೆಯೆಂದು ತಳ್ಳಿಹಾಕುವಂತಿಲ್ಲ. ಕೊಟ್ಟವನು ಕೊಟ್ಟದ್ದನ್ನು ಹಿಂದಕ್ಕೆ ಕೇಳಬಲ್ಲನು. ಹಕ್ಕು ಸರ್ಕಾರದ ಕೊಡುಗೆಯಾಗಿದ್ದರೆ ಸರ್ಕಾರವು ಅದನ್ನು ಮರಳಿ ಪಡೆಯಬಹುದು. ಅದು ಮನುಷ್ಯನೊಂದಿಗೇ ಹುಟ್ಟಿ ಬಂದದ್ದಾದರೆ ಯಾವ ಸರ್ಕಾರವೂ ಅದನ್ನು ಕಸಿಯಲಾರದು, ಕಸಿದರೆ ಅದು ಅನ್ಯಾಯವೆನಿಸುತ್ತದೆ. ಈ ಭೇದದ ಮೇಲೆಯೇ ನಮ್ಮ ದೇಶದಲ್ಲಿ ಒಂದು ಕಾಲಕ್ಕೆ ಸಾವಿರಾರು ಜನರ ಬಿಡುಗಡೆ ನಿಂತಿತ್ತು. ಆದ್ದರಿಂದ ಈ ಎರಡು ಪ್ರಶ್ನೆಗಳನ್ನು ಇತಿಹಾಸದ ಬೆಳಕಿನಲ್ಲಿ ಸಾವಧಾನವಾಗಿ ನೋಡೋಣ.

ಒಂದು ರಾಷ್ಟ್ರ, ಹಲವು ಜನ್ಮದಿನಗಳು

1947ರ ಆಗಸ್ಟ್ 15ರಂದು ಬ್ರಿಟಿಷರ ಆಳ್ವಿಕೆ ಕೊನೆಗೊಂಡಿತು. ಆದರೆ ಆ ದಿನದ ಅಧಿಕಾರ ಹಸ್ತಾಂತರವು ನಡೆದದ್ದು ಬ್ರಿಟಿಷ್ ಸಂಸತ್ತೇ ಅಂಗೀಕರಿಸಿದ ಭಾರತ ಸ್ವಾತಂತ್ರ್ಯ ಕಾಯಿದೆಯ ಮೇರೆಗೆ. ಆ ಕಾಯಿದೆಗೆ 1947ರ ಜುಲೈ 18ರಂದು ಆರನೆಯ ಜಾರ್ಜ್ ದೊರೆಯ ಒಪ್ಪಿಗೆ ದೊರೆತಿತ್ತು. ಸ್ವಾತಂತ್ರ್ಯ ಬಂದ ಮೇಲೆಯೂ ಭಾರತವು ಡೊಮಿನಿಯನ್ ಆಗಿಯೇ ಉಳಿಯಿತು. ಅದೇ ದೊರೆಯ ಹೆಸರಿನಲ್ಲಿ ಗವರ್ನರ್ ಜನರಲ್ ಇದ್ದರು. 1948ರ ಜೂನ್‌ವರೆಗೆ ಮೌಂಟ್‌ಬ್ಯಾಟನ್, ಅನಂತರ ರಾಜಗೋಪಾಲಾಚಾರಿಯವರು ಆ ಪದವಿಯಲ್ಲಿದ್ದರು. ನ್ಯಾಯ ಕೇಳುವವರ ಕೊನೆಯ ಮೇಲ್ಮನವಿ 1949ರವರೆಗೂ ಲಂಡನ್ನಿನ ಪ್ರಿವಿ ಕೌನ್ಸಿಲ್‌ಗೆ ಹೋಗುತ್ತಿತ್ತು.

ಹಾಗಾದರೆ 1949ರ ನವೆಂಬರ್ 26 ನಮ್ಮ ರಾಷ್ಟ್ರದ ಜನ್ಮದಿನವೇ? ಅಂದು ಸಂವಿಧಾನ ರಚನಾ ಸಭೆಯು ಸಂವಿಧಾನವನ್ನು ಅಂಗೀಕರಿಸಿತು. ಇಲ್ಲೊಂದು ಸೂಕ್ಷ್ಮವನ್ನು ಗಮನಿಸಬೇಕು. ಆ ಸಂವಿಧಾನವನ್ನು ಒಪ್ಪಿಗೆಗಾಗಿ ಲಂಡನ್ನಿಗೆ ಕಳುಹಿಸಲಿಲ್ಲ, ಗವರ್ನರ್ ಜನರಲ್‌ರ ಮುಂದೆಯೂ ಇಡಲಿಲ್ಲ. ಸಭೆಯ ಅಧ್ಯಕ್ಷರಾದ ಬಾಬು ರಾಜೇಂದ್ರ ಪ್ರಸಾದರ ಸಹಿಯೇ ಸಾಕಾಯಿತು. ಅದರ ಕೊನೆಯ ವಿಧಿಯಾದ 395ನೆಯ ವಿಧಿಯು, ಯಾವ ಕಾಯಿದೆಯಿಂದ ಸ್ವಾತಂತ್ರ್ಯ ಬಂದಿತೋ ಆ ಭಾರತ ಸ್ವಾತಂತ್ರ್ಯ ಕಾಯಿದೆಯನ್ನೇ ರದ್ದುಗೊಳಿಸಿತು. ನಮ್ಮ ಸ್ವಾತಂತ್ರ್ಯಕ್ಕೆ ಇನ್ನೊಬ್ಬರ ಸಂಸತ್ತು ಆಧಾರವಲ್ಲ, ಅದರ ಬೇರು ನಮ್ಮ ನೆಲದಲ್ಲಿಯೇ ಇದೆ ಎಂಬುದು ಇದರ ಒಳ ಅರ್ಥ.

ಇನ್ನೊಂದು ಸಂಗತಿ ಇದಕ್ಕಿಂತಲೂ ಮನನೀಯವಾದುದು. ಸಂವಿಧಾನದ ಬಹುಭಾಗವು 1950ರ ಜನವರಿ 26ರಿಂದ ಜಾರಿಗೆ ಬರಬೇಕೆಂದು ನಿಗದಿಯಾಯಿತು. ಆದರೆ 394ನೆಯ ವಿಧಿಯಂತೆ ಕೆಲವು ವಿಧಿಗಳು ನವೆಂಬರ್ 26ರಂದೇ ಜಾರಿಗೆ ಬಂದವು. ಅವುಗಳಲ್ಲಿ ಪೌರತ್ವವನ್ನು ಕುರಿತ 5ರಿಂದ 9ರವರೆಗಿನ ವಿಧಿಗಳೂ, ಚುನಾವಣಾ ಆಯೋಗವನ್ನು ಕುರಿತ 324ನೆಯ ವಿಧಿಯೂ ಇದ್ದವು. ಎಂದರೆ ಗಣರಾಜ್ಯಕ್ಕಿಂತ ಅದರ ಪ್ರಜೆಯು ಎರಡು ತಿಂಗಳು ಹಿರಿಯನು! ಮೊದಲು ಪ್ರಜೆ, ಆಮೇಲೆ ಪ್ರಭುತ್ವ. ಕರಡು ಬರೆದವರು ಆಡಳಿತದ ಅನುಕೂಲಕ್ಕಾಗಿ ಹೀಗೆ ಮಾಡಿದ್ದರೂ ಅದರಲ್ಲಿ ಒಂದು ಸತ್ಯವು ತಾನಾಗಿ ಮೂಡಿದೆ.

1950ರ ಜನವರಿ 26ರ ಬೆಳಿಗ್ಗೆ 10 ಗಂಟೆ 18 ನಿಮಿಷಕ್ಕೆ ಭಾರತವು ಗಣರಾಜ್ಯವೆಂದು ಘೋಷಿತವಾಯಿತು. ಆ ದಿನವನ್ನೇ ಆರಿಸಿದುದಕ್ಕೆ ಕಾರಣ ಇಪ್ಪತ್ತು ವರ್ಷ ಹಿಂದಿನದು. 1929ರ ಡಿಸೆಂಬರ್‌ನಲ್ಲಿ ಲಾಹೋರಿನಲ್ಲಿ ಸೇರಿದ ಕಾಂಗ್ರೆಸ್ ಅಧಿವೇಶನವು ಪೂರ್ಣ ಸ್ವರಾಜ್ಯವೇ ಗುರಿಯೆಂದು ನಿರ್ಣಯಿಸಿತು. 1930ರ ಜನವರಿ 26ರಂದು ಊರೂರುಗಳಲ್ಲಿ ಜನರು ಪ್ರತಿಜ್ಞೆ ಕೈಗೊಂಡರು. ಸ್ವಾತಂತ್ರ್ಯವು ಭಾರತೀಯರಿಗೂ ಬೇರೆಲ್ಲ ಜನರಿಗೆ ಇರುವಂತೆಯೇ ಪರಭಾರೆ ಮಾಡಲಾಗದ ಹಕ್ಕು, ಅದನ್ನು ಕಸಿಯುವ ಸರ್ಕಾರವನ್ನು ಬದಲಿಸುವ ಅಧಿಕಾರ ಜನರಿಗಿದೆ ಎಂಬುದು ಆ ಪ್ರತಿಜ್ಞೆಯ ತಿರುಳು. 1776ರಲ್ಲಿ ಅಮೆರಿಕದ ವಸಾಹತುಗಳು ಮಾಡಿದ ಸ್ವಾತಂತ್ರ್ಯ ಘೋಷಣೆಯ ವಿಚಾರವು ಇದರಲ್ಲಿ ಸ್ಪಷ್ಟವಾಗಿ ಪ್ರತಿಧ್ವನಿಸುತ್ತದೆ. ಆ ದೇಶದಲ್ಲಿಯೂ 1776ರ ನುಡಿಗೂ ನಡೆಗೂ ಬಹಳ ಅಂತರವಿತ್ತು. ಎಲ್ಲ ಮನುಷ್ಯರೂ ಸಮಾನರೆಂದು ಸಾರಿದ ಆ ನಾಡಿನಲ್ಲಿ ಗುಲಾಮಗಿರಿಯನ್ನು ಸಂವಿಧಾನದ ತಿದ್ದುಪಡಿಯ ಮೂಲಕ ತೊಡೆದುಹಾಕಲು 1865ರವರೆಗೆ ಕಾಯಬೇಕಾಯಿತು, ನಡುವೆ ಒಂದು ಭೀಕರ ಅಂತರ್ಯುದ್ಧವೂ ಆಗಿಹೋಯಿತು. ರಾಷ್ಟ್ರವು ನುಡಿಯಲ್ಲಿ ಒಂದು ದಿನ ಹುಟ್ಟುತ್ತದೆ, ನಡೆಯಲ್ಲಿ ಹುಟ್ಟಲು ತಲೆಮಾರುಗಳೇ ಬೇಕಾಗುತ್ತವೆ.

ಕಲ್ಯಾಣ ನಾಡಿನ ಸಾಕ್ಷಿ

ನಮ್ಮ ಬೀದರ, ಕಲಬುರಗಿ, ರಾಯಚೂರು ಭಾಗಗಳ ಹಿರಿಯರಿಗೆ 1947ರ ಆಗಸ್ಟ್ 15 ಬಿಡುಗಡೆಯ ದಿನವಾಗಿರಲಿಲ್ಲ. ನಿಜಾಮನು ಭಾರತದ ಒಕ್ಕೂಟವನ್ನು ಸೇರಲು ಒಪ್ಪಲಿಲ್ಲ. ಆ ಸಂಸ್ಥಾನದಲ್ಲಿ ಸಾರ್ವಜನಿಕ ಸಭೆ ನಡೆಸಲು ಮುಂಚಿತವಾಗಿ ಸರ್ಕಾರದ ಅಪ್ಪಣೆ ಪಡೆಯಬೇಕೆಂಬ ‘ಗಸ್ತಿ ನಿಶಾನ್ 53’ ಎಂಬ ಸುತ್ತೋಲೆಯು ಜನರ ಬಾಯಿ ಕಟ್ಟಿತ್ತು. ರಜಾಕಾರರ ಹಾವಳಿಗೆ ಹಳ್ಳಿಗಳು ತತ್ತರಿಸಿದವು. ಆ ದೌರ್ಜನ್ಯವನ್ನು ವಿರೋಧಿಸಿ, ಹೈದರಾಬಾದು ಭಾರತದೊಡನೆ ಸೇರಬೇಕೆಂದು ಬರೆದ ಉರ್ದು ಪತ್ರಿಕೆ ‘ಇಮ್ರೋಜ್’ನ ಯುವ ಸಂಪಾದಕ ಶೋಯಬುಲ್ಲಾ ಖಾನರನ್ನು 1948ರ ಆಗಸ್ಟ್‌ನಲ್ಲಿ ಹತ್ಯೆ ಮಾಡಲಾಯಿತು. ನುಡಿಯುವ ಹಕ್ಕನ್ನು ಅವರಿಗೆ ಯಾವ ಕಾಯಿದೆಯೂ ಕೊಟ್ಟಿರಲಿಲ್ಲ. ಆದರೂ ಅವರು ಅದನ್ನು ಚಲಾಯಿಸಿದರು, ಅದಕ್ಕಾಗಿ ಪ್ರಾಣವನ್ನೇ ತೆತ್ತರು.

1948ರ ಸೆಪ್ಟೆಂಬರ್ 13ರಂದು ಆರಂಭವಾದ ಪೊಲೀಸ್ ಕಾರ್ಯಾಚರಣೆಯು 17ರಂದು ನಿಜಾಮನ ಶರಣಾಗತಿಯೊಂದಿಗೆ ಮುಗಿಯಿತು. ಆದ್ದರಿಂದ ಈ ಭಾಗದಲ್ಲಿ ಸೆಪ್ಟೆಂಬರ್ 17 ವಿಮೋಚನೆಯ ದಿನ. ಆದರೆ ಇತಿಹಾಸವನ್ನು ಪೂರ್ಣವಾಗಿ ನೋಡುವವರು ಅದರ ನಂತರದ ಪುಟವನ್ನೂ ಓದಬೇಕು. ಕಾರ್ಯಾಚರಣೆಯ ಬೆನ್ನಲ್ಲೇ ಹಲವೆಡೆ ರಜಾಕಾರರೊಡನೆ ಯಾವ ಸಂಬಂಧವೂ ಇಲ್ಲದ ಮುಸ್ಲಿಂ ಕುಟುಂಬಗಳು ಪ್ರತೀಕಾರಕ್ಕೆ ತುತ್ತಾದವು. ಭಾರತ ಸರ್ಕಾರವೇ ಕಳುಹಿಸಿದ ಪಂಡಿತ ಸುಂದರಲಾಲರ ಸಮಿತಿಯು ಉಸ್ಮಾನಾಬಾದು, ಕಲಬುರಗಿ, ಬೀದರ, ನಾಂದೇಡ ಜಿಲ್ಲೆಗಳಲ್ಲಿ ಹಾನಿ ಅತ್ಯಧಿಕವೆಂದು ವರದಿ ಮಾಡಿತು. ಆ ವರದಿಯು ಹಲವು ದಶಕ ಸಾರ್ವಜನಿಕರಿಗೆ ದೊರೆಯಲಿಲ್ಲ. ಧ್ವಜ ಬದಲಾದ ಮಾತ್ರಕ್ಕೆ ಪ್ರತಿಯೊಬ್ಬನ ಹಕ್ಕು ತಾನಾಗಿ ಸ್ಥಾಪನೆಯಾಗುವುದಿಲ್ಲ ಎಂಬುದಕ್ಕೆ ನಮ್ಮ ನೆಲವೇ ಎರಡು ಬಗೆಯಲ್ಲಿ ಸಾಕ್ಷಿ ನುಡಿಯುತ್ತದೆ.

ಇತ್ತ ಮೈಸೂರು ಸಂಸ್ಥಾನವು 1947ರ ಆಗಸ್ಟ್ 9ರಂದೇ ಒಕ್ಕೂಟವನ್ನು ಸೇರಲು ಒಪ್ಪಿತ್ತು. ಆದರೂ ಜವಾಬ್ದಾರಿ ಸರ್ಕಾರಕ್ಕಾಗಿ ಜನರು ‘ಮೈಸೂರು ಚಲೋ’ ಚಳವಳಿ ನಡೆಸಬೇಕಾಯಿತು. ಅಕ್ಟೋಬರ್‌ನಲ್ಲಿ ಕೆ.ಸಿ. ರೆಡ್ಡಿಯವರ ನೇತೃತ್ವದ ಸರ್ಕಾರ ಬಂದ ಮೇಲೆಯೇ ಅಲ್ಲಿನವರಿಗೆ ಸ್ವಾತಂತ್ರ್ಯದ ಅನುಭವವಾಯಿತು. ಹೀಗೆ ಒಂದೇ ಕನ್ನಡನಾಡಿನ ಮೂರು ಭಾಗಗಳಿಗೆ ಮೂರು ಆರಂಭಗಳು. ಇವೆಲ್ಲವೂ ಒಂದಾಗಿ ಒಂದೇ ಹಕ್ಕುಪತ್ರದಡಿ ಬಂದದ್ದು 1950ರ ಜನವರಿ 26ರಂದು.

ದೇವರ ಹೆಸರಿನ ಚರ್ಚೆ

ರಾಷ್ಟ್ರದ ಅಧಿಕಾರಕ್ಕೆ ಮೂಲ ಯಾವುದು? 1946ರ ಡಿಸೆಂಬರ್ 13ರಂದು ಜವಾಹರಲಾಲ್ ನೆಹರೂ ಅವರು ಸಭೆಯ ಮುಂದಿಟ್ಟ ಧ್ಯೇಯ ನಿರ್ಣಯವು ಸಕಲ ಅಧಿಕಾರವೂ ಜನರಿಂದಲೇ ಬರುವುದೆಂದು ಸಾರಿತ್ತು. ಸಂವಿಧಾನದ ಪ್ರಸ್ತಾವನೆಯು ಚರ್ಚೆಗೆ ಬಂದದ್ದು ಬಹುತೇಕ ವಿಧಿಗಳೆಲ್ಲ ಮುಗಿದ ಮೇಲೆ, 1949ರ ಅಕ್ಟೋಬರ್ 17ರಂದು. ಅಂದು ಮಂಗಳೂರಿನಲ್ಲಿ ಜನಿಸಿದ ಎಚ್.ವಿ. ಕಾಮತ್ ಅವರು ಪ್ರಸ್ತಾವನೆಯು ದೇವರ ಹೆಸರಿನಿಂದ ಆರಂಭವಾಗಬೇಕೆಂದು ತಿದ್ದುಪಡಿ ಸೂಚಿಸಿದರು.

ಭಕ್ತರಾದ ನಮಗೆ ಈ ಸೂಚನೆ ಸಹಜವಾಗಿಯೇ ಪ್ರಿಯವಾಗಿ ತೋರುತ್ತದೆ. ಆದರೆ ಅದನ್ನು ವಿರೋಧಿಸಿದವರ ಮಾತು ಕೇಳುವಂತಹುದು. ನಂಬಿಕೆಯ ಸ್ವಾತಂತ್ರ್ಯವನ್ನು ಎಲ್ಲರಿಗೂ ಕೊಡುತ್ತೇವೆಂದು ಹೇಳುವ ಅದೇ ಪ್ರಸ್ತಾವನೆಯಲ್ಲಿ ಎಲ್ಲರ ಪರವಾಗಿ ದೇವರ ಹೆಸರನ್ನು ಹೇಳಿದರೆ ಅದು ತನಗೆ ತಾನೇ ವಿರುದ್ಧವಾಗುತ್ತದೆ ಎಂದು ಹೃದಯನಾಥ ಕುಂಜ್ರು ವಾದಿಸಿದರು. ತಿರುವಾಂಕೂರಿನ ತಾಣು ಪಿಳ್ಳೈ ಅವರು ಇದು ನಂಬಿಕೆಯ ವಿಷಯದಲ್ಲಿ ಬಲಾತ್ಕಾರವಾದೀತೆಂದರು. ದೇವರನ್ನು ಮತಕ್ಕೆ ಹಾಕಬೇಡಿರೆಂದು ಪೂರ್ಣಿಮಾ ಬ್ಯಾನರ್ಜಿಯವರು ಬೇಡಿಕೊಂಡರು. ಆದರೂ ಮತಕ್ಕೆ ಹಾಕಲಾಯಿತು. ಪರವಾಗಿ 41, ವಿರೋಧವಾಗಿ 68 ಮತಗಳು ಬಂದವು. ಪ್ರಸ್ತಾವನೆಯು ಜನರ ಹೆಸರಿನಿಂದಲೇ ಆರಂಭವಾಯಿತು.

ಇದರಿಂದ ದೇವರಿಗೆ ಅವಮಾನವಾಯಿತೇ? ಆಗಲಿಲ್ಲವೆಂದೇ ತೋರುತ್ತದೆ. ಭಕ್ತಿಯು ಅಂತರಂಗದಲ್ಲಿ ಅರಳಬೇಕಾದುದು. ಬಹುಮತದಿಂದ ಅಂಗೀಕೃತವಾದ ಭಕ್ತಿ ಭಕ್ತಿಯೆನಿಸದು. ಪ್ರಭುತ್ವವು ದೇವರ ಹೆಸರನ್ನು ತನ್ನ ಅಧಿಕಾರಕ್ಕೆ ಮುದ್ರೆಯಾಗಿ ಬಳಸದೆ ಹೋದುದರಿಂದಲೇ, ಪ್ರಮಾಣವಚನ ಸ್ವೀಕರಿಸುವವನು ದೇವರ ಹೆಸರಿನಲ್ಲಾದರೂ ಸ್ವೀಕರಿಸಬಹುದು, ಸತ್ಯನಿಷ್ಠೆಯಿಂದ ದೃಢೀಕರಿಸಲೂಬಹುದು ಎಂಬ ಎರಡು ದಾರಿಗಳು ನಮ್ಮ ಸಂವಿಧಾನದಲ್ಲಿ ಅಕ್ಕಪಕ್ಕದಲ್ಲಿ ಉಳಿದವು.

ಕೊಟ್ಟ ಹಕ್ಕೋ, ಇದ್ದ ಹಕ್ಕೋ?

ಈಗ ಎರಡನೆಯ ಪ್ರಶ್ನೆಗೆ ಬರೋಣ. ಅಧಿಕಾರವು ಜನರಿಂದ ಬಂದಿತೆಂದು ಒಪ್ಪಿದರೂ ಹಕ್ಕು ಎಲ್ಲಿಂದ ಬಂದಿತೆಂಬುದು ತೀರ್ಮಾನವಾಗುವುದಿಲ್ಲ. ಬಹುಜನರು ಸೇರಿ ಒಬ್ಬನ ಹಕ್ಕನ್ನು ಕಸಿಯಬಹುದಲ್ಲವೇ?

ಸಂವಿಧಾನದ ಮೂರನೆಯ ಭಾಗವನ್ನು ಗಮನವಿಟ್ಟು ಓದಿದರೆ ಉತ್ತರದ ಒಂದು ಎಳೆ ಸಿಗುತ್ತದೆ. ಅಲ್ಲಿ ಹಕ್ಕುಗಳು ಎರಡು ಬಗೆಯಾಗಿವೆ. ವಾಕ್ ಸ್ವಾತಂತ್ರ್ಯ, ಸಭೆ ಸೇರುವುದು, ದೇಶದಲ್ಲಿ ಎಲ್ಲಿಯಾದರೂ ನೆಲೆಸುವುದು ಮುಂತಾದ 19ನೆಯ ವಿಧಿಯ ಹಕ್ಕುಗಳು ಈ ದೇಶದ ಪ್ರಜೆಗಳಿಗೆ ಮಾತ್ರ. ಆದರೆ ಕಾನೂನಿನ ಮುಂದೆ ಸಮಾನತೆಯ 14ನೆಯ ವಿಧಿ, ಪ್ರಾಣ ಮತ್ತು ದೇಹಸ್ವಾತಂತ್ರ್ಯದ 21ನೆಯ ವಿಧಿ, ಆತ್ಮಸಾಕ್ಷಿ ಮತ್ತು ಧರ್ಮಾಚರಣೆಯ 25ನೆಯ ವಿಧಿ — ಇವು ಪ್ರಜೆಗಳಿಗೆ ಮಾತ್ರ ಮೀಸಲಲ್ಲ, ಎಲ್ಲ ವ್ಯಕ್ತಿಗಳಿಗೂ ಸಲ್ಲುತ್ತವೆ. ನಮ್ಮ ನೆಲದ ಮೇಲೆ ನಿಂತ ಪರದೇಶಿಯ ಪ್ರಾಣವೂ ಇವುಗಳ ರಕ್ಷಣೆಯಲ್ಲಿದೆ. ರಾಷ್ಟ್ರವೇ ಹಕ್ಕಿನ ಮೂಲವಾಗಿದ್ದರೆ ರಾಷ್ಟ್ರದ ಹೊರಗಿನವನಿಗೆ ಅದು ಏಕೆ ಸಲ್ಲಬೇಕು? ಇನ್ನೊಂದು, 21ನೆಯ ವಿಧಿಯು ಪ್ರಾಣದ ಹಕ್ಕನ್ನು ದಯಪಾಲಿಸುವ ಧಾಟಿಯಲ್ಲಿಲ್ಲ. ಕಾನೂನಿನ ಕ್ರಮವಿಲ್ಲದೆ ಅದನ್ನು ಕಸಿಯಕೂಡದೆಂದು ನಿಷೇಧದ ಧಾಟಿಯಲ್ಲಿದೆ. ಇಲ್ಲದ ವಸ್ತುವನ್ನು ಕಸಿಯಬೇಡವೆಂದು ಯಾರೂ ಕಟ್ಟಳೆ ಮಾಡುವುದಿಲ್ಲ.

ಹಾಗೆಂದು ಎಲ್ಲ ಹಕ್ಕುಗಳೂ ಒಂದೇ ತೂಕದವೂ ಅಲ್ಲ. ಆಸ್ತಿಯ ಹಕ್ಕು 1950ರಲ್ಲಿ ಮೂಲಭೂತ ಹಕ್ಕಾಗಿತ್ತು. 1978ರ 44ನೆಯ ತಿದ್ದುಪಡಿಯು ಅದನ್ನು ಆ ಸಾಲಿನಿಂದ ತೆಗೆದು 300ಎ ವಿಧಿಯ ಸಾಮಾನ್ಯ ಸಾಂವಿಧಾನಿಕ ಹಕ್ಕಾಗಿ ಇರಿಸಿತು. ಉಳುವವನಿಗೆ ಭೂಮಿ ಕೊಡಬೇಕಾದ ದೇಶದಲ್ಲಿ ಇದಕ್ಕೆ ಕಾರಣಗಳಿದ್ದವು. ಭೂಮಿಯ ಒಡೆತನವು ಮನುಷ್ಯರು ತಮ್ಮತಮ್ಮಲ್ಲಿ ಮಾಡಿಕೊಂಡ ಏರ್ಪಾಡು, ಅದನ್ನು ಕಾಲಕ್ಕೆ ತಕ್ಕಂತೆ ತಿದ್ದಬಹುದು. ಉಸಿರು ಹಾಗಲ್ಲ. ಅದನ್ನು ಯಾರೂ ನಮಗೆ ಪಟ್ಟಾ ಮಾಡಿ ಕೊಟ್ಟಿಲ್ಲ.

ಮಹಾಡದ ಕೆರೆ

ಇಲ್ಲಿ ಒಂದು ಬಲವಾದ ಆಕ್ಷೇಪಣೆ ಏಳುತ್ತದೆ. ಕಾನೂನಿನ ಬೆಂಬಲವಿಲ್ಲದ ಹಕ್ಕು ಬರಿಯ ಹಾರೈಕೆಯಲ್ಲವೇ? ಹುಟ್ಟಿನಿಂದಲೇ ಹಕ್ಕಿದೆಯೆಂದು ಹಸಿದವನಿಗೆ, ಬಾಯಾರಿದವನಿಗೆ ಹೇಳಿದರೆ ಏನು ಫಲ? ಈ ಆಕ್ಷೇಪಣೆಯನ್ನು ಮಹಾಡದ ಕೆರೆಯ ದಂಡೆಯಲ್ಲಿ ನಿಂತು ಪರೀಕ್ಷಿಸಬೇಕು.

1923ರಲ್ಲಿ ಎಸ್.ಕೆ. ಬೋಲೆಯವರ ನಿರ್ಣಯದಂತೆ ಮುಂಬಯಿ ಶಾಸನಸಭೆಯು ಸಾರ್ವಜನಿಕ ಕೆರೆ, ಬಾವಿ, ಧರ್ಮಶಾಲೆಗಳನ್ನು ಅಸ್ಪೃಶ್ಯರೆನಿಸಿದವರಿಗೂ ತೆರೆಯಬೇಕೆಂದು ಒಪ್ಪಿತು. ಮಹಾಡದ ಪುರಸಭೆಯೂ ತನ್ನ ಚವದಾರ ಕೆರೆಯನ್ನು ಎಲ್ಲರಿಗೂ ತೆರೆದಿರುವುದಾಗಿ ನಿರ್ಣಯಿಸಿತು. ಕಾಗದದ ಮೇಲೆ ಹಕ್ಕು ಬಂದಾಯಿತು. ಆದರೆ ಆ ಜನರಲ್ಲಿ ಒಬ್ಬರೂ ಆ ನೀರನ್ನು ಮುಟ್ಟಲಾಗಲಿಲ್ಲ. 1927ರ ಮಾರ್ಚ್ 20ರಂದು ಡಾ. ಬಿ.ಆರ್. ಅಂಬೇಡ್ಕರರು ಸಾವಿರಾರು ಜನರೊಡನೆ ನಡೆದುಹೋಗಿ ಆ ಕೆರೆಯ ನೀರನ್ನು ಬೊಗಸೆಯಲ್ಲೆತ್ತಿ ಕುಡಿದರು. ಅದರ ಪರಿಣಾಮವಾಗಿ ಜನರ ಮೇಲೆ ಹಲ್ಲೆಯಾಯಿತು. ಕೆರೆಯನ್ನು ‘ಶುದ್ಧಿ’ಗೊಳಿಸಲಾಯಿತು. ವಿಷಯವು ನ್ಯಾಯಾಲಯಕ್ಕೆ ಹೋಯಿತು. ಮುಂಬಯಿ ಉಚ್ಚ ನ್ಯಾಯಾಲಯವು ಅಂಬೇಡ್ಕರರ ಪರವಾಗಿ ಅಂತಿಮ ತೀರ್ಪು ಕೊಟ್ಟದ್ದು 1937ರಲ್ಲಿ. ಬೊಗಸೆ ನೀರಿಗೆ ಹತ್ತು ವರ್ಷ!

ಈ ಪ್ರಸಂಗದಿಂದ ಎರಡು ಮಾತುಗಳು ಸಿದ್ಧಿಸುತ್ತವೆ. ಕಾನೂನು ಹೇಳಿದ ಮಾತ್ರಕ್ಕೆ ಹಕ್ಕು ಕೈಗೆ ಬರಲಿಲ್ಲ. ಆದ್ದರಿಂದ ಕಾನೂನೇ ಹಕ್ಕಿನ ಮೂಲವೆಂಬುದು ಪೂರ್ಣಸತ್ಯವಲ್ಲ. ಹಾಗೆಯೇ ಹಕ್ಕು ಹುಟ್ಟಿನಿಂದ ಇದ್ದರೂ ಅದನ್ನು ಕೈಚಾಚಿ ಪಡೆಯುವ ಧೈರ್ಯವೂ, ಪಡೆದುದನ್ನು ಕಾಯುವ ನ್ಯಾಯಪೀಠವೂ ಬೇಕು. ಬೀಜದಲ್ಲಿ ಮರವಿದೆ, ಆದರೆ ನೆಲ-ನೀರುಗಳಿಲ್ಲದೆ ಅದು ಮರವಾಗದು. ಕಾನೂನು ಆ ನೆಲ-ನೀರುಗಳ ಸ್ಥಾನದಲ್ಲಿದೆ. ಮಹಾಡದಲ್ಲಿ ನೀರು ಕುಡಿದವರೇ ಮುಂದೆ ಸಂವಿಧಾನದ ಕರಡು ಸಮಿತಿಯ ಅಧ್ಯಕ್ಷರಾದರು. ಕೆರೆ, ಬಾವಿ, ಸ್ನಾನಘಟ್ಟಗಳಿಗೆ ಯಾರನ್ನೂ ತಡೆಯಬಾರದೆಂಬ ಮಾತು 15ನೆಯ ವಿಧಿಯಲ್ಲಿ ಹೆಸರು ಹೇಳಿಯೇ ಸೇರಿತು. 17ನೆಯ ವಿಧಿಯು ಅಸ್ಪೃಶ್ಯತೆಯನ್ನು ಯಾವ ರೂಪದಲ್ಲಿಯೂ ಆಚರಿಸಕೂಡದೆಂದು ನಿಷೇಧಿಸಿತು.

ಎಡನೀರು ಮಠದ ಮೊಕದ್ದಮೆ

ಜನರ ಪ್ರತಿನಿಧಿಗಳೇ ಸಂವಿಧಾನವನ್ನು ತಿದ್ದಿ ಹಕ್ಕುಗಳನ್ನು ಅಳಿಸಿದರೆ ಗತಿಯೇನು? ಈ ಪ್ರಶ್ನೆಯು ದೇಶದ ಅತ್ಯುನ್ನತ ನ್ಯಾಯಪೀಠಕ್ಕೆ ಬಂದದ್ದು ಒಂದು ಮಠದ ಮೂಲಕ ಎಂಬುದು ಮಠಗಳ ಭಕ್ತರಾದ ನಮಗೆ ವಿಶೇಷವಾಗಿ ಸ್ಮರಣೀಯ. ಕಾಸರಗೋಡಿನ ಸಮೀಪದ ಎಡನೀರು ಮಠದ ಶ್ರೀ ಕೇಶವಾನಂದ ಭಾರತಿ ಶ್ರೀಪಾದಂಗಳವರು, ಕೇರಳದ ಭೂಸುಧಾರಣಾ ಕಾನೂನಿನಿಂದ ಮಠದ ಭೂಮಿಗೆ ಒದಗಿದ ಆಪತ್ತಿನ ವಿರುದ್ಧ 1970ರಲ್ಲಿ ಸರ್ವೋಚ್ಚ ನ್ಯಾಯಾಲಯಕ್ಕೆ ಅರ್ಜಿ ಸಲ್ಲಿಸಿದರು. ಹದಿಮೂರು ನ್ಯಾಯಮೂರ್ತಿಗಳ ಪೀಠವು 68 ದಿನ ವಾದಗಳನ್ನು ಆಲಿಸಿತು. ಶ್ರೀಗಳ ಪರವಾಗಿ ನಾನಿ ಪಾಲ್ಖಿವಾಲಾ ವಾದಿಸಿದರು. 1973ರ ಏಪ್ರಿಲ್ 24ರಂದು ಏಳು-ಆರರ ಅಂತರದಲ್ಲಿ ತೀರ್ಪು ಬಂದಿತು. ಸಂಸತ್ತು ಸಂವಿಧಾನದ ಯಾವ ಭಾಗವನ್ನಾದರೂ ತಿದ್ದಬಹುದು, ಆದರೆ ಅದರ ಮೂಲ ಸ್ವರೂಪವನ್ನು ನಾಶಮಾಡಲಾಗದು ಎಂಬುದು ಅದರ ಸಾರ.

ಶ್ರೀಗಳು ಉಳಿಸಿಕೊಳ್ಳಬಯಸಿದ ಭೂಮಿಯ ವಿಷಯದಲ್ಲಿ ಈ ತೀರ್ಪಿನಿಂದ ಅವರಿಗೆ ಪರಿಹಾರ ದೊರೆಯಲಿಲ್ಲ. ದೊರೆತದ್ದು ದೇಶಕ್ಕೆ. ಮೂಲಭೂತ ಹಕ್ಕುಗಳು ಮನುಷ್ಯನ ಸಹಜ ಹಕ್ಕುಗಳೇ ಎಂಬ ಬಗ್ಗೆ ಆ ಹದಿಮೂರು ಮಂದಿಯಲ್ಲಿ ಏಕಾಭಿಪ್ರಾಯವಿರಲಿಲ್ಲ. ಆದರೆ ಇಂದಿನ ಬಹುಮತಕ್ಕೂ ಒಂದು ಮೇರೆಯಿದೆ ಎಂಬುದು ಅಂದಿನಿಂದ ಸ್ಥಿರವಾಯಿತು. 2020ರ ಸೆಪ್ಟೆಂಬರ್‌ನಲ್ಲಿ ಶ್ರೀಗಳು ದೇಹ ಬಿಟ್ಟರು. ಅವರ ಹೆಸರು ಕಾನೂನಿನ ವಿದ್ಯಾರ್ಥಿಗಳ ನಾಲಗೆಯ ಮೇಲೆ ಉಳಿದಿದೆ.

1976ರ ಅಗ್ನಿಪರೀಕ್ಷೆ

ಮೂರೇ ವರ್ಷಗಳಲ್ಲಿ ಘೋರ ಪರೀಕ್ಷೆ ಎದುರಾಯಿತು. 1975ರ ಜೂನ್ 25ರಂದು ದೇಶದಲ್ಲಿ ತುರ್ತುಪರಿಸ್ಥಿತಿ ಹೇರಲಾಯಿತು. ಜೂನ್ 27ರ ರಾಷ್ಟ್ರಪತಿಗಳ ಆಜ್ಞೆಯು 14, 21 ಮತ್ತು 22ನೆಯ ವಿಧಿಗಳ ರಕ್ಷಣೆ ಕೋರಿ ನ್ಯಾಯಾಲಯಕ್ಕೆ ಹೋಗುವ ಬಾಗಿಲನ್ನು ಮುಚ್ಚಿತು. ವಿಚಾರಣೆಯಿಲ್ಲದೆ ಸಾವಿರಾರು ಜನರು ಸೆರೆಮನೆ ಸೇರಿದರು. ಸಂಸದೀಯ ಸಮಿತಿಯ ಕೆಲಸಕ್ಕೆ ಬೆಂಗಳೂರಿಗೆ ಬಂದಿದ್ದ ಅಟಲ್ ಬಿಹಾರಿ ವಾಜಪೇಯಿ, ಲಾಲಕೃಷ್ಣ ಆಡ್ವಾಣಿ, ಮಧು ದಂಡವತೆ ಮೊದಲಾದವರು ಅಲ್ಲಿಯೇ ಬಂಧಿತರಾಗಿ ಕರ್ನಾಟಕದ ಉಚ್ಚ ನ್ಯಾಯಾಲಯದ ಮೊರೆಹೊಕ್ಕರು. ‘ಸಂಸ್ಕಾರ’ ಚಲನಚಿತ್ರದ ಕಲಾವಿದೆ ಸ್ನೇಹಲತಾ ರೆಡ್ಡಿಯವರು ಬೆಂಗಳೂರಿನ ಸೆರೆಮನೆಯಲ್ಲಿ ಉಬ್ಬಸದಿಂದ ನರಳಿ, ಬಿಡುಗಡೆಯಾದ ಕೆಲವೇ ದಿನಗಳಲ್ಲಿ 1977ರ ಜನವರಿಯಲ್ಲಿ ತೀರಿಕೊಂಡರು.

ಹಲವು ಉಚ್ಚ ನ್ಯಾಯಾಲಯಗಳು ಬಂಧಿತರ ಅರ್ಜಿಗಳನ್ನು ಆಲಿಸಲು ಒಪ್ಪಿದವು. ಸರ್ಕಾರವು ಸರ್ವೋಚ್ಚ ನ್ಯಾಯಾಲಯಕ್ಕೆ ಹೋಯಿತು. ಜಬಲ್ಪುರದ ಮೊಕದ್ದಮೆಯೆಂದು ಪ್ರಸಿದ್ಧವಾದ ಆ ವಿಚಾರಣೆಯಲ್ಲಿ ನ್ಯಾಯಮೂರ್ತಿ ಎಚ್.ಆರ್. ಖನ್ನಾ ಅವರು ಅಟಾರ್ನಿ ಜನರಲ್‌ರನ್ನು ಕೇಳಿದ ಪ್ರಶ್ನೆ ನೇರವಾಗಿತ್ತು. ಒಬ್ಬ ಪೊಲೀಸ್ ಅಧಿಕಾರಿ ವೈಯಕ್ತಿಕ ದ್ವೇಷದಿಂದ ಒಬ್ಬನನ್ನು ಕೊಂದರೂ ನ್ಯಾಯಾಲಯದಲ್ಲಿ ಪರಿಹಾರವಿಲ್ಲವೇ? ತುರ್ತುಪರಿಸ್ಥಿತಿ ಇರುವವರೆಗೆ ಇಲ್ಲವೆಂಬ ಉತ್ತರ ಬಂದಿತು. 1976ರ ಏಪ್ರಿಲ್ 28ರಂದು ಐವರಲ್ಲಿ ನಾಲ್ವರು ಸರ್ಕಾರದ ವಾದವನ್ನು ಒಪ್ಪಿದರು. ಹಕ್ಕು ಕೊಡುಗೆಯೆಂಬ ಮತವನ್ನು ಕೊನೆಯವರೆಗೂ ಎಳೆದರೆ ಎಲ್ಲಿಗೆ ಹೋಗಿ ನಿಲ್ಲುತ್ತದೆ ಎಂಬುದು ಆ ದಿನ ಬೆಳಕಿಗೆ ಬಂದಿತು.

ಖನ್ನಾ ಅವರೊಬ್ಬರೇ ಭಿನ್ನಮತ ಬರೆದರು. ಪ್ರಾಣದ ಹಕ್ಕು 21ನೆಯ ವಿಧಿಯೊಂದರಲ್ಲಿಯೇ ಇಟ್ಟ ಗಂಟಲ್ಲ. ಆ ವಿಧಿಯೇ ಇಲ್ಲದಿದ್ದರೂ ಕಾನೂನಿನ ಆಧಾರವಿಲ್ಲದೆ ಯಾರ ಪ್ರಾಣವನ್ನಾಗಲಿ ಸ್ವಾತಂತ್ರ್ಯವನ್ನಾಗಲಿ ಕಸಿಯುವ ಅಧಿಕಾರ ಪ್ರಭುತ್ವಕ್ಕಿಲ್ಲ ಎಂಬುದು ಅವರ ನಿಲುವಾಗಿತ್ತು. ಅದಕ್ಕೆ ತೆತ್ತ ಬೆಲೆಯೂ ದೊಡ್ಡದು. 1977ರ ಜನವರಿಯಲ್ಲಿ ಜ್ಯೇಷ್ಠತೆಯಂತೆ ಅವರಿಗೆ ಸಲ್ಲಬೇಕಾದ ಮುಖ್ಯ ನ್ಯಾಯಮೂರ್ತಿ ಪದವಿಯನ್ನು ಕಿರಿಯರಾದ ಎಂ.ಎಚ್. ಬೇಗ್ ಅವರಿಗೆ ಕೊಡಲಾಯಿತು. ಖನ್ನಾ ಅವರು ರಾಜೀನಾಮೆ ಕೊಟ್ಟರು. ಪದವಿ ಹೋಯಿತು, ನಡೆ-ನುಡಿ ಒಂದಾಗಿ ಉಳಿಯಿತು. 1978ರ 44ನೆಯ ತಿದ್ದುಪಡಿಯು 20 ಮತ್ತು 21ನೆಯ ವಿಧಿಗಳ ರಕ್ಷಣೆಯನ್ನು ತುರ್ತುಪರಿಸ್ಥಿತಿಯಲ್ಲಿಯೂ ಅಮಾನತು ಮಾಡಕೂಡದೆಂದು ವಿಧಿಸಿತು.

ಆ ತೀರ್ಪು ಪೂರ್ಣವಾಗಿ ರದ್ದಾಗಲು ನಾಲ್ಕು ದಶಕಗಳು ಬೇಕಾದವು. ಕರ್ನಾಟಕ ಉಚ್ಚ ನ್ಯಾಯಾಲಯದ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿಯವರು ಆಧಾರ್ ಯೋಜನೆಯನ್ನು ಪ್ರಶ್ನಿಸಿ 2012ರಲ್ಲಿ ಅರ್ಜಿ ಸಲ್ಲಿಸಿದಾಗ ಅವರು ಎಂಬತ್ತು ದಾಟಿದ ಹಿರಿಯರು. ಅದರಿಂದ ಹೊರಟ ಪ್ರಶ್ನೆಗೆ 2017ರ ಆಗಸ್ಟ್ 24ರಂದು ಒಂಬತ್ತು ನ್ಯಾಯಮೂರ್ತಿಗಳು ಏಕಮತದಿಂದ ಉತ್ತರಿಸಿ, ಖಾಸಗಿತನವು ಮೂಲಭೂತ ಹಕ್ಕೆಂದು ಸಾರಿದರು. ಅದೇ ತೀರ್ಪಿನಲ್ಲಿ 1976ರ ನಿರ್ಣಯವು ತಪ್ಪೆಂದು ತಳ್ಳಿಹಾಕಲಾಯಿತು. ಪ್ರಾಣ ಮತ್ತು ಸ್ವಾತಂತ್ರ್ಯಗಳನ್ನು ಸಂವಿಧಾನವು ಸೃಷ್ಟಿಸಿಲ್ಲ, ಮನುಷ್ಯನಲ್ಲಿ ಇದ್ದುದನ್ನು ಗುರುತಿಸಿದೆ ಎಂಬುದು ಅಲ್ಲಿ ಸ್ಥಾಪಿತವಾಯಿತು. 1976ರಲ್ಲಿ ಬಹುಮತದ ಜೊತೆಗಿದ್ದ ನ್ಯಾಯಮೂರ್ತಿ ವೈ.ವಿ. ಚಂದ್ರಚೂಡರ ಮತವನ್ನು 2017ರಲ್ಲಿ ತಳ್ಳಿಹಾಕಿ ಬರೆದವರು ಅವರ ಪುತ್ರರೇ ಆದ ನ್ಯಾಯಮೂರ್ತಿ ಡಿ.ವೈ. ಚಂದ್ರಚೂಡರು. ಪಿತೃಭಕ್ತಿಗಿಂತ ಸತ್ಯವು ದೊಡ್ಡದೆಂಬುದಕ್ಕೆ ಇದೊಂದು ನಿದರ್ಶನ.

ಹೆಸರಿಲ್ಲದ ತಾಯಂದಿರು

ಹಕ್ಕು ಮನುಷ್ಯನಲ್ಲಿಯೇ ಇದೆ, ಸಂವಿಧಾನವು ಅದನ್ನು ಗುರುತಿಸಿತು ಎಂದಾಯಿತು. ಇನ್ನುಳಿದದ್ದು, ನಾವು ಒಬ್ಬರನ್ನೊಬ್ಬರು ಗುರುತಿಸುತ್ತೇವೆಯೇ ಎಂಬುದು.

1951ರ ಅಕ್ಟೋಬರ್‌ನಿಂದ 1952ರ ಫೆಬ್ರವರಿಯವರೆಗೆ ಮೊದಲ ಮಹಾಚುನಾವಣೆ ನಡೆಯಿತು. ಸುಮಾರು 17 ಕೋಟಿ 30 ಲಕ್ಷ ಮತದಾರರಿದ್ದರು. ಆಗ ನೂರಕ್ಕೆ ಸುಮಾರು ಹದಿನೆಂಟು ಮಂದಿ ಮಾತ್ರ ಅಕ್ಷರಸ್ಥರು. ಓದು ಬಾರದವರಿಗೂ, ಹೊಲವಿಲ್ಲದವರಿಗೂ, ಹೆಂಗಸರಿಗೂ ಒಂದೇ ಬೆಲೆಯ ಒಂದೊಂದು ಮತ. ಆದರೆ ಮತದಾರರ ಪಟ್ಟಿ ಬರೆಯಲು ಮನೆಮನೆಗೆ ಹೋದವರಿಗೆ ಅಸಂಖ್ಯ ಹೆಣ್ಣುಮಕ್ಕಳು ತಮ್ಮ ಹೆಸರನ್ನು ಹೇಳಲಿಲ್ಲ. ಇಂಥವರ ಹೆಂಡತಿ, ಇಂಥವರ ತಾಯಿ ಎಂದಷ್ಟೇ ಹೇಳಿದರು. ಮುಖ್ಯ ಚುನಾವಣಾ ಆಯುಕ್ತರಾದ ಸುಕುಮಾರ ಸೇನರು ಸ್ವಂತ ಹೆಸರಿಲ್ಲದೆ ಯಾರನ್ನೂ ಸೇರಿಸಕೂಡದೆಂದು ಬಿಗಿಯಾಗಿ ನಿಂತರು. ಪರಿಣಾಮವಾಗಿ ಸುಮಾರು 28 ಲಕ್ಷ ಸ್ತ್ರೀಯರು ಪಟ್ಟಿಯಿಂದ ಹೊರಗುಳಿದರು.

ಸಂವಿಧಾನವು ಅವರಿಗೆ ಮತವನ್ನು ನಿರಾಕರಿಸಿರಲಿಲ್ಲ. ಅಡ್ಡವಾಗಿ ನಿಂತದ್ದು ಮನೆಯೊಳಗಿನ ರೂಢಿ. ತನ್ನ ಹೆಸರನ್ನು ತಾನೇ ಹೇಳಬಾರದೆಂದು ಕಲಿಸಿದ ಸಮಾಜದಲ್ಲಿ ಹಕ್ಕು ಹೊಸ್ತಿಲಿನ ಹೊರಗೇ ಕಾದು ನಿಲ್ಲಬೇಕಾಯಿತು. ಹಕ್ಕು ಮೊದಲು ಸಲ್ಲುವುದು ಒಬ್ಬ ವ್ಯಕ್ತಿಗೆ. ವ್ಯಕ್ತಿಯೆಂದರೆ ಹೆಸರುಳ್ಳ, ತನ್ನ ಅರಿವುಳ್ಳ ಜೀವ. ಅದನ್ನು ಮರೆಸಿದ ಮನೆಯಲ್ಲಿ ಯಾವ ಸಂವಿಧಾನವೂ ಕಾಲಿಡಲಾರದು.

ರಾಷ್ಟ್ರವು ಯಾವಾಗ ಹುಟ್ಟುತ್ತದೆ?

1949ರ ನವೆಂಬರ್ 25ರಂದು, ಸಂವಿಧಾನವು ಅಂಗೀಕಾರವಾಗುವ ಹಿಂದಿನ ದಿನ, ಅಂಬೇಡ್ಕರರು ಮಾಡಿದ ಭಾಷಣದಲ್ಲಿ ಸಂಭ್ರಮಕ್ಕಿಂತ ಎಚ್ಚರಿಕೆಯೇ ಹೆಚ್ಚಾಗಿತ್ತು. ಜನವರಿ 26ರಂದು ನಾವು ವೈರುಧ್ಯದ ಬದುಕನ್ನು ಪ್ರವೇಶಿಸುತ್ತೇವೆ, ರಾಜಕೀಯದಲ್ಲಿ ಸಮಾನತೆಯಿದ್ದು ಸಾಮಾಜಿಕ, ಆರ್ಥಿಕ ಬದುಕಿನಲ್ಲಿ ಅಸಮಾನತೆಯಿರುತ್ತದೆ ಎಂದು ಅವರು ಹೇಳಿದರು. ಸಾವಿರಾರು ಜಾತಿಗಳಾಗಿ ಒಡೆದುಹೋದ ಜನರು ತಾವು ಈಗಾಗಲೇ ಒಂದು ರಾಷ್ಟ್ರವೆಂದು ನಂಬುವುದು ದೊಡ್ಡ ಭ್ರಮೆ. ಇನ್ನೂ ಆಗಿಲ್ಲವೆಂದು ಅರಿತರೆ ಆಗುವ ದಾರಿಯನ್ನು ಹುಡುಕಿಯೇವು ಎಂಬುದು ಅವರ ಮಾತಿನ ಭಾವ. ಪ್ರಸ್ತಾವನೆಯಲ್ಲಿ ಸ್ವಾತಂತ್ರ್ಯ, ಸಮಾನತೆಗಳೊಡನೆ ಬಂಧುತ್ವದ ಮಾತನ್ನು ಸೇರಿಸಿದ್ದು ಅವರ ಕರಡು ಸಮಿತಿಯೇ. ಮೂಲದ ಧ್ಯೇಯ ನಿರ್ಣಯದಲ್ಲಿ ಅದು ಇರಲಿಲ್ಲ.

ಆ ಒಂದು ಮಾತಿನಲ್ಲಿ ನಮ್ಮ ಎರಡೂ ಪ್ರಶ್ನೆಗಳು ಕೂಡುತ್ತವೆ. ಹಕ್ಕು ನನ್ನೊಳಗೆ ಹುಟ್ಟಿನಿಂದ ಇದೆ ಎಂದು ನಾನು ಹೇಳುವುದು ಸುಲಭ. ಅದೇ ಹಕ್ಕು ನನ್ನ ಎದುರಿನವನಲ್ಲಿಯೂ ಅಷ್ಟೇ ಪೂರ್ಣವಾಗಿ ಇದೆಯೆಂದು ಒಪ್ಪಿ ನಡೆಯುವುದು ಕಠಿಣ. ಹಾಗೆ ಒಪ್ಪಿ ನಡೆದ ಘಳಿಗೆಯಲ್ಲಿ ಇಬ್ಬರ ನಡುವೆ ರಾಷ್ಟ್ರವು ಹುಟ್ಟುತ್ತದೆ. ಇಬ್ಬರ ನಡುವೆ ಹುಟ್ಟದೆ ಹೋದುದು ನೂರು ಕೋಟಿಯ ನಡುವೆ ಹುಟ್ಟೀತು ಹೇಗೆ? 1947, 1948, 1949, 1950 ಇವೆಲ್ಲವೂ ನಿಜವಾದ ಆರಂಭಗಳೇ. ಆದರೆ ಕೊನೆಯ ಆರಂಭವು ನಮ್ಮ ಓಣಿಯ ಬಾವಿಯ ಬಳಿ, ಪಂಕ್ತಿಯ ಎಲೆಯ ಮುಂದೆ, ನಮ್ಮ ಮನೆಯ ಹೆಣ್ಣುಮಕ್ಕಳ ಮಾತಿಗೆ ಕಿವಿಗೊಡುವಲ್ಲಿ ಇನ್ನೂ ಬಾಕಿಯಿದೆ.

ಮುಂದಿನ ಜನವರಿ 26ರಂದು ಧ್ವಜದ ಮುಂದೆ ನಿಂತಾಗ ಸದ್ಭಕ್ತರೆಲ್ಲರೂ ಒಂದು ಕ್ಷಣ ಈ ಬಾಕಿಯನ್ನು ನೆನೆಯಲಿ. ನೆನೆದುದನ್ನು ಮರುದಿನದ ನಡೆಯಲ್ಲಿ ತೀರಿಸಲಿ.